ತಲೆಗೆ ಬಿಸಿನೀರು ಬಿದ್ದಾಗ ಮಾತ್ರ ಫಿಟ್ಸ್: ಕ್ಲೋಬಜಾಮ್ ಎಷ್ಟು ಹೊತ್ತು ಮುಂಚೆ ಕೊಡಬೇಕು?

ಉಪಕೇಂದ್ರ_ಮಂಡ್ಯ:
13 ವರ್ಷದ ಹುಡುಗ, 34 ಕೆ.ಜಿ. ವಾರಕ್ಕೊಮ್ಮೆ ತಲೆಸ್ನಾನ, ಹಂಡೆ ನೀರು. ನಾಲ್ಕೈದು ಚೊಂಬು ತಲೆ ಮೇಲೆ ಬೀಳುತ್ತಿದ್ದಂತೆ ಕಣ್ಣು ನೆಡುತ್ತಾನೆ, ಏನೇನೋ ಮಾತಾಡುತ್ತಾನೆ, ಕೈ ಚಡ್ಡಿಯ ಅಂಚನ್ನು ಎಳೆಯುತ್ತಲೇ ಇರುತ್ತದೆ. ಒಂದೆರಡು ನಿಮಿಷಕ್ಕೆ ಸರಿಹೋಗುತ್ತಾನೆ. ಒಂದೇ ಒಂದು ಸಲ ಬಿದ್ದು ಕೈಕಾಲು ಸೆಟೆದಿದೆ. ಬರೀ ಮೈಗೆ ನೀರು ಹಾಕಿಕೊಂಡ ದಿನ ಏನೂ ಆಗುವುದಿಲ್ಲ. ಇಇಜಿ (ಮೆದುಳಿನ ವಿದ್ಯುತ್ ಅಲೆಗಳ ಪರೀಕ್ಷೆ) ನಾರ್ಮಲ್. ನರರೋಗ ತಜ್ಞರು ತಲೆಸ್ನಾನದ ದಿನಕ್ಕೆ ಮಾತ್ರ ಫಿಟ್ಸ್ ತಡೆಯುವ ಮಾತ್ರೆ ಕ್ಲೋಬಜಾಮ್ 10 ಮಿ.ಗ್ರಾಂ. ಬರೆದಿದ್ದಾರೆ. ಮನೆಯವರು ಬಚ್ಚಲಿಗೆ ಕಳಿಸುವಾಗ ಮಾತ್ರೆ ನುಂಗಿಸುತ್ತಿದ್ದಾರೆ, ಫಿಟ್ಸ್ ನಿಂತಿಲ್ಲ. ಇಇಜಿಯಲ್ಲಿ ಏನೂ ಇಲ್ಲ ಅಂದಮೇಲೆ ಇದು ಗಾಳಿಯದೇ ಕಾಟ ಅಂತ ಅಜ್ಜಿ ಹಟ ಹಿಡಿದಿದ್ದಾರೆ. ಡೋಸ್ ಸಾಲದೋ, ಕೊಡುವ ಹೊತ್ತು ತಪ್ಪೋ? ದಿನಾ ಮಾತ್ರೆಗೆ ಹೋಗಬೇಕೆ?

ನರವಿಭಾಗ_ಟಿಪ್ಪಣಿ:
ಹೊತ್ತು ತಪ್ಪು. ಡೋಸ್ ಮುಟ್ಟುವ ಮೊದಲು ಅದನ್ನು ಸರಿಮಾಡಿ.

ಕ್ಲೋಬಜಾಮ್ ನುಂಗಿದ ಮೇಲೆ ರಕ್ತದಲ್ಲಿ ಗರಿಷ್ಠ ಮಟ್ಟ ಮುಟ್ಟಲು ಅರ್ಧ ಗಂಟೆಯಿಂದ ನಾಲ್ಕು ಗಂಟೆ ಹಿಡಿಯುತ್ತದೆ. ಈ ಕಾಯಿಲೆಗೆ, ಅಂದರೆ ಬಿಸಿನೀರಿನ ಮೂರ್ಛೆಗೆ, ವಾಡಿಕೆಯ ಕ್ರಮ 5ರಿಂದ 10 ಮಿ.ಗ್ರಾಂ., ತಲೆಸ್ನಾನಕ್ಕೆ ಒಂದೂವರೆಯಿಂದ ಎರಡು ಗಂಟೆ ಮೊದಲು. ಬಚ್ಚಲ ಬಾಗಿಲಲ್ಲಿ ನುಂಗಿಸಿದ ಮಾತ್ರೆ ಕೆಲಸ ಶುರು ಮಾಡುವಷ್ಟರಲ್ಲಿ ಹುಡುಗ ತಲೆ ಒರೆಸಿಕೊಂಡು ಹೊರಗೆ ಬಂದಿರುತ್ತಾನೆ. ಇನ್ನೊಂದು ಎಡವಟ್ಟು ಹಬ್ಬದ ದಿನ ಆಗುತ್ತದೆ. ನರಕ ಚತುರ್ದಶಿ, ಯುಗಾದಿಗೆ ಬೆಳಗಿನ ಐದಕ್ಕೇ ಎಣ್ಣೆಸ್ನಾನ. ಅಂದರೆ ಮೂರೂವರೆಗೆ ಎಬ್ಬಿಸಿ ಮಾತ್ರೆ ಕೊಡಬೇಕು. ಅದಾಗದಿದ್ದರೆ ಸ್ನಾನವನ್ನೇ ಏಳಕ್ಕೆ ತಳ್ಳಿ.

ಇಇಜಿ ವಿಚಾರ: ಬಿಸಿನೀರಿನ ಮೂರ್ಛೆಯಲ್ಲಿ ಫಿಟ್ಸ್ ಇಲ್ಲದ ಹೊತ್ತಿನ ಇಇಜಿ ಹೆಚ್ಚಿನವರಲ್ಲಿ ನಾರ್ಮಲ್ಲೇ ಇರುತ್ತದೆ. ರೋಗ ಗುರುತಿಸುವುದು ವಿವರ ಕೇಳಿ. ನೀವು ಬರೆದ ಕಣ್ಣು ನೆಡುವುದು, ಅಸಂಬದ್ಧ ಮಾತು, ಬಟ್ಟೆ ಎಳೆಯುವುದು, ಇವೆಲ್ಲ ಮೆದುಳಿನ ಟೆಂಪೊರಲ್ ಭಾಗದ (ಕಿವಿಯ ಪಕ್ಕದ ಭಾಗ) ಕಡೆ ಬೆರಳು ತೋರಿಸುತ್ತವೆ. ನಮ್ಮ ಹಳೆ ಮೈಸೂರು ಸೀಮೆಯಲ್ಲಿ ಇದು ಅಪರೂಪವೇನಲ್ಲ. 1974ರಲ್ಲೇ ನರರೋಗ ತಜ್ಞ ಕೆ.ಎಸ್. ಮಣಿ ಮತ್ತು ಸಂಗಡಿಗರು 108 ಜನರ ವಿವರ ಪ್ರಕಟಿಸಿದ್ದರು. ಅಜ್ಜಿಗೆ ಇಷ್ಟು ಹೇಳಿದರೆ ಸಾಕು: ಗಾಳಿಯಾಗಿದ್ದರೆ ತಲೆಗೆ ನೀರು ಬೀಳುವವರೆಗೆ ಯಾಕೆ ಕಾಯುತ್ತಿತ್ತು?

ಮಾತ್ರೆ ಕೊಟ್ಟ ದಿನ ತೂಕಡಿಕೆ ಇರುತ್ತದೆ. ಸೈಕಲ್, ಕೆರೆ, ಬಾವಿಕಟ್ಟೆ ಬೇಡ. ಒಮೆಪ್ರಜೋಲ್‌ನಂಥ ಗ್ಯಾಸಿನ ಮಾತ್ರೆ ಜೊತೆಗಿದ್ದರೆ ಕ್ಲೋಬಜಾಮ್‌ನ ಪರಿಣಾಮ ಹೆಚ್ಚಾಗಬಹುದು, ವೈದ್ಯರಿಗೆ ತಿಳಿಸಿ.

ಬಚ್ಚಲು_ಲೆಕ್ಕ:
ಮಾತ್ರೆಯಷ್ಟೇ ಮುಖ್ಯ ನೀರು. ಈ ಫಿಟ್ಸ್ ತರುವ ಸ್ನಾನದ ನೀರು ಸಾಮಾನ್ಯವಾಗಿ 40ರಿಂದ 50 ಡಿಗ್ರಿ. "ಉಗುರು ಬೆಚ್ಚಗೆ ಹಾಕಿ" ಅಂದರೆ ಒಬ್ಬೊಬ್ಬರ ಕೈಗೆ ಒಂದೊಂದು ಬಿಸಿ. ಸೌದೆ ಒಲೆ ಮುಂದೆ ದಿನಾ ಕೂರುವವರ ಕೈಯನ್ನಂತೂ ನಂಬುವ ಹಾಗಿಲ್ಲ. ಲೆಕ್ಕ ಹಾಕಿ ನೋಡಿ. ಕುದಿಯುವ ನೀರು ಒಂದು ಚೊಂಬಿಗೆ 25 ಡಿಗ್ರಿಯ ತಣ್ಣೀರು ಮೂರು ಚೊಂಬು ಬೆರೆಸಿದರೂ ಬಕೆಟ್ಟಿನಲ್ಲಿ ಸುಮಾರು 44 ಡಿಗ್ರಿ ಇರುತ್ತದೆ. ಐದು ಚೊಂಬು ಬೆರೆಸಿದರೆ ಮಾತ್ರ 37ರ ಆಸುಪಾಸಿಗೆ ಬರುತ್ತದೆ. ಹಂಡೆಯಿಂದ ನೇರ ಮೊಗೆದು ಹುಯ್ಯುವುದು ಪೂರ್ತಿ ಬಂದ್. ಬಕೆಟ್ಟಿನಲ್ಲಿ ಬೆರೆಸಿ, ಕೈಯಾಡಿಸಿ, ಆಮೇಲೆ ಹುಡುಗನನ್ನು ಕರೆಯಿರಿ. ಮಕ್ಕಳ ಸ್ನಾನದ ಥರ್ಮಾಮೀಟರ್ ಸಿಕ್ಕರೆ ಒಳ್ಳೆಯದು. ಜ್ವರ ನೋಡುವ ಕಡ್ಡಿ ಇದಕ್ಕಲ್ಲ, ಅದರ ಅಳತೆ 42 ಡಿಗ್ರಿಯ ಹತ್ತಿರ ಮುಗಿಯುತ್ತದೆ.

ಹುಯ್ಯುವ ರೀತಿಯೂ ಬದಲಾಗಬೇಕು. ಚೊಂಬಿನ ಮೇಲೆ ಚೊಂಬು ದಬದಬ ಸುರಿಯುವುದೇ ಕಿಡಿ ಹಚ್ಚುತ್ತದೆ. ಮೊದಲು ಕಾಲು, ಬೆನ್ನು, ಭುಜ; ತಲೆ ಕೊನೆಗೆ. ತಲೆಗೆ ಒಂದು ಸಣ್ಣ ಲೋಟ ಹಾಕಿ, ಕೈಯಿಂದ ಹರಡಿ, ಸ್ವಲ್ಪ ತಡೆದು ಇನ್ನೊಂದು. ಅದೂ ತಡೆಯದಿದ್ದರೆ ಮೈ ಸ್ನಾನ ಒಂದು ಹೊತ್ತು ಮುಗಿಸಿ, ತಲೆಯನ್ನು ಇನ್ನೊಂದು ಹೊತ್ತು ಒದ್ದೆ ಬಟ್ಟೆಯಲ್ಲಿ ಒರೆಸಿ. ಎಣ್ಣೆ ಹಚ್ಚಿದರೆ ಜಿಡ್ಡು ಬಿಡಿಸಲು ಸುಡುನೀರೇ ಬೇಕಾಗುತ್ತದೆ, ಹಾಗಾಗಿ ಸದ್ಯಕ್ಕೆ ಎಣ್ಣೆ ಕಡಿಮೆ, ಸೀಗೆಪುಡಿ ಸ್ವಲ್ಪ ಜಾಸ್ತಿ.

ಕೂತೇ ಸ್ನಾನ ಮಾಡಲಿ, ಚಿಲಕ ಬೇಡ, ಹೊರಗೊಬ್ಬರು ಮಾತಾಡಿಸುತ್ತಿರಲಿ. ಉತ್ತರ ನಿಂತ ಕೂಡಲೇ ಒಳಗೆ ಹೋಗಿ ನೀರು ನಿಲ್ಲಿಸಿ, ಮಗ್ಗುಲಾಗಿ ಮಲಗಿಸಿ. ಕೈಗೆ ಕೀ ಕೊಡುವುದು, ಹಲ್ಲಿನ ನಡುವೆ ಚಮಚ ತುರುಕುವುದು ಬೇಡ. ಐದು ನಿಮಿಷ ದಾಟಿದರೆ 108. ಹಂಡೆಗೆ ಮುಚ್ಚಳ ಇರಲೇಬೇಕು. ಸೆಟೆದ ಕೈ ಕುದಿನೀರಿಗೆ ಬಿದ್ದರೆ ಫಿಟ್ಸಿಗಿಂತ ಸುಟ್ಟಗಾಯವೇ ದೊಡ್ಡದಾಗುತ್ತದೆ.

ಮುಜುಗರವಾದರೂ ಕೇಳಬೇಕಾದ್ದೊಂದಿದೆ: ಹುಡುಗ ಬಚ್ಚಲಿನಿಂದ ಹೊರಗೆ ಬರಲು ಒಪ್ಪುವುದಿಲ್ಲವೇ? ಸುಮಾರು ಹತ್ತರಲ್ಲಿ ಒಬ್ಬರಿಗೆ ಆ ಹೊತ್ತಿನಲ್ಲಿ ಒಂಥರಾ ಹಿತ ಅನಿಸಿ, ತಾವೇ ಮತ್ತೆ ಮತ್ತೆ ಬಿಸಿನೀರು ಸುರಿದುಕೊಳ್ಳುತ್ತಾರೆ. ಬೈದರೆ ಬಾಯಿ ಬಿಡುವುದಿಲ್ಲ, ಮೆಲ್ಲಗೆ ಕೇಳಿ.

ತುರ್ತುವಾರ್ಡ್:
ಈ ಹುಡುಗನಿಗೆ ಹಂಡೆ ನೀರು, ಸರಿ. ಆದರೆ ಈ ಚರ್ಚೆ ಓದಿ ಬಚ್ಚಲಲ್ಲಿ ಬಿದ್ದವರಿಗೆಲ್ಲ ಕ್ಲೋಬಜಾಮ್ ಅಂತ ಯಾರೂ ಹೊರಡಬಾರದು. ಪಟ್ಟಣದ ಮನೆಗಳಲ್ಲಿ ಮೊದಲು ಕೇಳಬೇಕಾದ್ದು ಗ್ಯಾಸ್ ಗೀಸರ್ ಒಳಗಿದೆಯಾ, ಕಿಟಕಿ ಮುಚ್ಚಿತ್ತಾ ಅಂತ. ಕಾರ್ಬನ್ ಮೊನಾಕ್ಸೈಡ್ ತುಂಬಿಕೊಂಡು ಬಿದ್ದವರಿಗೂ ಫಿಟ್ಸ್ ಬರುತ್ತದೆ. ಅಲ್ಲಿ ತಲೆನೋವು, ವಾಂತಿ ಜೊತೆಗಿರುತ್ತವೆ, ಎಚ್ಚರ ಬರುವುದು ತಡ, ಅದೇ ಬಚ್ಚಲಿಗೆ ಹೋದ ಎರಡನೆಯವರಿಗೂ ತಲೆ ಸುತ್ತುತ್ತದೆ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ 98 ತೋರಿಸಿದರೆ ನಂಬಬೇಡಿ. ಆಮ್ಲಜನಕ ಹೊತ್ತ ಹಿಮೊಗ್ಲೋಬಿನ್ನಿಗೂ ಮೊನಾಕ್ಸೈಡ್ ಹೊತ್ತದ್ದಕ್ಕೂ ಅದಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ. ರಕ್ತದ ಕಾರ್ಬಾಕ್ಸಿಹಿಮೊಗ್ಲೋಬಿನ್ ಪರೀಕ್ಷೆಯೇ ಆಗಬೇಕು. ಬಿಸಿನೀರಿಗೆ ಬಿಪಿ ಇಳಿದು ಬೀಳುವವರೂ ಇದ್ದಾರೆ: ಮುಖ ಬಿಳಿಚಿ, ಬೆವತು, ಮಲಗಿಸಿದರೆ ಅರ್ಧ ನಿಮಿಷದಲ್ಲಿ ಏಳುತ್ತಾರೆ.

ಉಪಕೇಂದ್ರ_ಮಂಡ್ಯ:
ಗೀಸರ್ ಇಲ್ಲ, ಬಚ್ಚಲಿಗೆ ಹೆಂಚಿನ ಮಾಡು, ಗಾಳಿ ಓಡಾಡುತ್ತದೆ. ಹುಡುಗನ ಸೋದರಮಾವನಿಗೂ ಚಿಕ್ಕಂದಿನಲ್ಲಿ ಹೀಗೇ ಆಗುತ್ತಿತ್ತಂತೆ. ಜೀನ್ ಪರೀಕ್ಷೆ ಮಾಡಿಸಬೇಕೆ? ಇನ್ನೊಂದು: ನಿಜಕ್ಕೂ ಬಿಸಿನೀರಿನಿಂದಲೇ ಅಂತ ಖಾತ್ರಿ ಮಾಡಿಕೊಳ್ಳಲು ಮನೆಯವರು ಮಾತ್ರೆ ಬಿಟ್ಟು ಒಮ್ಮೆ ಹುಯ್ದು ನೋಡೋಣ ಅನ್ನುತ್ತಿದ್ದಾರೆ.

ನರವಿಭಾಗ_ಟಿಪ್ಪಣಿ:
ಹುಯ್ದು ನೋಡುವುದು ಖಂಡಿತ ಬೇಡ. ನಿಮ್ಹಾನ್ಸ್‌ನಲ್ಲಿ ಇಲಿಗಳ ಮೇಲೆ ಮತ್ತೆ ಮತ್ತೆ ಬಿಸಿನೀರು ಹಾಯಿಸಿದ ಪ್ರಯೋಗಗಳಿವೆ. ಸಲ ಸಲಕ್ಕೂ ಫಿಟ್ಸ್ ಬರಲು ಬೇಕಾದ ಬಿಸಿ ಕಡಿಮೆಯಾಗುತ್ತ, ಫಿಟ್ಸ್ ಜೋರಾಗುತ್ತ ಹೋಯಿತು. ಕಿಂಡ್ಲಿಂಗ್ ಅನ್ನುತ್ತಾರೆ, ಪುಳ್ಳೆ ಹೊತ್ತಿ ಆಮೇಲೆ ಕೊರಡು ಹಿಡಿದ ಹಾಗೆ. ಮನುಷ್ಯರಲ್ಲೂ ಸುಮಾರು ಕಾಲು ಭಾಗದಷ್ಟು ಜನರಿಗೆ ಮುಂದೆ ಬಿಸಿನೀರಿಲ್ಲದೆಯೂ ಫಿಟ್ಸ್ ಶುರುವಾಗುತ್ತದೆ. ದಿನಾ ಮಾತ್ರೆಯ ಪ್ರಶ್ನೆ ಏಳುವುದು ಆಗ, ಇಲ್ಲವೇ ಸರಿಯಾದ ಹೊತ್ತಿಗೆ ಕ್ಲೋಬಜಾಮ್ ಕೊಟ್ಟು ನೀರು ತಣಿಸಿದ ಮೇಲೂ ಫಿಟ್ಸ್ ನಿಲ್ಲದಿದ್ದಾಗ. ಕ್ಲೋಬಜಾಮನ್ನೇ ದಿನಾ ಕೊಟ್ಟರೆ ಕೆಲವರಲ್ಲಿ ಮೈಗೆ ಒಗ್ಗಿ ಪರಿಣಾಮ ಇಳಿಯುತ್ತದೆ. ದಿನಾ ಕೊಡುವ ಇನ್ನೊಂದು ಫಿಟ್ಸ್ ಮಾತ್ರೆ ಕಾರ್ಬಮಜೆಪಿನ್ ಶುರುಮಾಡಿದರೆ ಮೊದಲ ಎರಡು ಮೂರು ತಿಂಗಳು ಚರ್ಮ ನೋಡುತ್ತಿರಿ. ದದ್ದು, ಬಾಯಿಹುಣ್ಣು, ಜ್ವರ ಕಂಡರೆ ಅದೇ ದಿನ ವೈದ್ಯರ ಬಳಿ.

ಜೀನ್ ಬಗ್ಗೆ: ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಮತ್ತು ನಿಮ್ಹಾನ್ಸ್ ತಂಡಗಳು 2009ರಲ್ಲಿ ಇಂಥ ಕುಟುಂಬಗಳನ್ನು ಹಿಡಿದು 10ನೇ ಮತ್ತು 4ನೇ ವರ್ಣತಂತುಗಳಲ್ಲಿ ಎರಡು ಜಾಗ ಗುರುತಿಸಿದವು. ಆಮೇಲೆ ಕೆಲವರಲ್ಲಿ ಎಸ್‌ಎಲ್‌ಸಿ1ಎ1 ಎಂಬ ಜೀನಿನ ಅಪರೂಪದ ಬದಲಾವಣೆಗಳು ಸಿಕ್ಕವು. ನರಕೋಶಗಳನ್ನು ಕೆರಳಿಸುವ ಗ್ಲುಟಮೇಟ್ ಎಂಬ ರಾಸಾಯನಿಕವನ್ನು ಕೋಶದೊಳಕ್ಕೆ ಎಳೆದುಕೊಳ್ಳುವ ಸಾಗಣೆ ಪ್ರೋಟೀನಿನ ಜೀನ್ ಅದು. ಆದರೆ ಇವತ್ತು ಆ ವರದಿ ಕೈಗೆ ಬಂದರೂ ಹುಡುಗನ ಚೀಟಿಯಲ್ಲಿ ಒಂದಕ್ಷರ ಬದಲಾಗದು. ದುಡ್ಡು ಉಳಿಸಿ. ಮಾವನ ವಿಷಯವನ್ನು ಮಾತ್ರ ಕೇಸ್ ಶೀಟಿನಲ್ಲಿ ಬರೆಸಿ, ರೋಗ ಖಾತ್ರಿಯಾಗಲು ಅದರ ತೂಕ ದೊಡ್ಡದು.

ಗೋಡೆಯ ಕ್ಯಾಲೆಂಡರಿನಲ್ಲೇ ಪ್ರತಿ ತಲೆಸ್ನಾನಕ್ಕೆ ನಾಲ್ಕು ವಿಷಯ ಗೀಚಲು ಹೇಳಿ: ಮಾತ್ರೆ ಕೊಟ್ಟ ಗಂಟೆ, ನೀರು ಬೆರೆಸಿದ ಲೆಕ್ಕ, ತಲೆಗೆ ಹಾಕಿದ ಲೋಟ, ಏನಾಯಿತು. ಎಂಟು ತಲೆಸ್ನಾನ ಆದಮೇಲೆ ಆ ಹಾಳೆ ಹಿಡಿದು ತಜ್ಞರ ಬಳಿ ಹೋಗಲಿ.