ಅಪ್‌ಡೇಟ್: ನನ್ನ ಪ್ಯಾನ್ ಮೇಲೆ ಯಾರೋ ತೆಗೆದಿದ್ದ ಸಾಲ

ನನ್ನ ಪ್ಯಾನ್ ನಂಬರ್ ಹಾಕಿ ಯಾರೋ ಆನ್‌ಲೈನ್ ಶಾಪಿಂಗ್‌ಗೆ ಸಾಲ ತೆಗೆದಿದ್ದಾರೆ, ಏನು ಮಾಡಲಿ ಅಂತ ಕೇಳಿದ್ದೆ. ಆ ಸಾಲ ಈಗ ನನ್ನ ಕ್ರೆಡಿಟ್ ರಿಪೋರ್ಟ್‌ನಿಂದ (ನಮ್ಮ ಸಾಲಗಳ ದಾಖಲೆ) ಹೋಗಿದೆ!

ನೀವು ಹೇಳಿದ ಹಾಗೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ದೂರು ಕೊಟ್ಟೆ. ಅದರ ಪ್ರತಿ ಇಟ್ಟು ಸಾಲ ಕೊಟ್ಟ ಕಂಪನಿಗೂ ಆ ರಿಪೋರ್ಟ್ ತಯಾರಿಸುವ ಕ್ರೆಡಿಟ್ ಬ್ಯೂರೋಗೂ ಬರೆದೆ. ‘ಮೊದಲು ಕಂತು ಕಟ್ಟಿ, ಆಮೇಲೆ ನೋಡೋಣ’ ಅಂದರು ಕಂಪನಿಯವರು. ದಯವಿಟ್ಟು ಹಾಗೆ ಕಟ್ಟಬೇಡಿ. ಕಟ್ಟಿದರೆ ಸಾಲ ನಮ್ಮದೇ ಅಂತ ಒಪ್ಪಿಕೊಂಡ ಹಾಗೆ ಕಾಣುತ್ತದೆ, ಅಲ್ವಾ? ದೂರು ಕೊಟ್ಟ 30 ದಿನದೊಳಗೆ ರಿಪೋರ್ಟ್ ತಿದ್ದದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಎಂಬ ರಿಸರ್ವ್ ಬ್ಯಾಂಕ್ ನಿಯಮವನ್ನು ನೆನಪಿಸಿದ ಮೇಲೆ ಕೆಲಸ ಬೇಗ ಆಯಿತು.

ಆಧಾರ್ ಬಯೋಮೆಟ್ರಿಕ್ (ಬೆರಳಚ್ಚು, ಕಣ್ಣಿನ ಗುರುತು) ಲಾಕ್ ಮಾಡಿದ್ದೇನೆ. ನಮ್ಮ ಹೆಸರಲ್ಲಿರುವ ಸಿಮ್‌ಗಳನ್ನು ತೋರಿಸುವ ಸರ್ಕಾರಿ ಪೋರ್ಟಲ್ ಸಂಚಾರ್ ಸಾಥಿಯಲ್ಲಿ ನೋಡಿದರೆ ನನ್ನ ಹೆಸರಲ್ಲಿ ಗೊತ್ತಿಲ್ಲದ ಸಿಮ್ ಒಂದಿತ್ತು. ಅದು ನನ್ನದಲ್ಲ ಅಂತ ಅಲ್ಲೇ ದೂರು ಹಾಕಿದ್ದೇನೆ.