ಅಪ್‌ಡೇಟ್: ಜೀಪಿನ ಕ್ಯಾರಿಯರ್‌ಗೆ ವಾಟರ್‌ಪ್ರೂಫ್ ಬಾಕ್ಸ್, ಕೊನೆಗೆ ಯಾವುದು?

ಮಳೆಗಾಲದ ಘಾಟಿ ಪ್ರಯಾಣಕ್ಕೆ ಅಲ್ಯೂಮಿನಿಯಂ ಪೆಟ್ಟಿಗೆಯೋ ಪ್ಲಾಸ್ಟಿಕ್ಕೋ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದ. ಆರಿಸಿದ್ದು ಐಪಿ67 (ನೀರು-ಧೂಳು ತಡೆಯುವ ದರ್ಜೆ) ಇರುವ ಪಾಲಿಪ್ರೊಪಿಲೀನ್ (ಒಂದು ಬಗೆಯ ಪ್ಲಾಸ್ಟಿಕ್) ಕೇಸ್, ಒಳಹೊರಗಿನ ಗಾಳಿಯ ಒತ್ತಡ ಸಮ ಮಾಡುವ ವಾಲ್ವ್ ಸಮೇತ.

ಆ ವಾಲ್ವ್ ಇಲ್ಲದ ಕೇಸ್ ಕೊಳ್ಳಲೇಬೇಡಿ. 1000 ಮೀಟರ್ ಎತ್ತರದಲ್ಲಿ ಮುಚ್ಚಿದ ಕೇಸನ್ನು ಮಂಗಳೂರಿಗೆ ಇಳಿಸಿದರೆ ಹೊರಗಿನ ಗಾಳಿಯ ಒತ್ತಡ ಶೇ. 10ಕ್ಕಿಂತ ತುಸು ಹೆಚ್ಚೇ ಏರಿರುತ್ತದೆ, ವಾಲ್ವ್ ಇಲ್ಲದಿದ್ದರೆ ಒಳಗಿನದು ಹಾಗೇ ಇರುತ್ತದೆ. 50 × 35 ಸೆಂ.ಮೀ. ಮುಚ್ಚಳದ ಮೇಲೆ ಸುಮಾರು 200 ಕಿಲೋ ಕೂತ ಹಾಗೆ! ಮುಚ್ಚಳ ಬಿಗಿದುಕೊಳ್ಳುತ್ತದೆ, ಅದರಂಚಿನ ರಬ್ಬರ್ ಪಟ್ಟಿ, ಅಂದರೆ ಗ್ಯಾಸ್ಕೆಟ್‌ನಲ್ಲಿ ಕೂದಲೆಳೆಯಷ್ಟು ಸಂದಿ ಇದ್ದರೂ ಕೇಸ್ ನೀರನ್ನು ಒಳಗೆಳೆಯುತ್ತದೆ.

ಐಪಿ67 ಎಂದರೆ 1 ಮೀಟರ್ ನೀರಿನಲ್ಲಿ 30 ನಿಮಿಷ, ಅಷ್ಟೇ. ಕಾರ್ ವಾಷ್ ಜೆಟ್ಟಿಗೆ ಅದು ಖಾತರಿಯಲ್ಲ.

ಗ್ಯಾಸ್ಕೆಟ್ ಪರೀಕ್ಷಿಸಲು ಕಾಗದದ ಪಟ್ಟಿಯೊಂದನ್ನು ಮುಚ್ಚಳಕ್ಕೆ ಸಿಕ್ಕಿಸಿ ಲಾಚ್ (ಮುಚ್ಚಳದ ಕೊಂಡಿ) ಹಾಕಿ ಎಳೆಯಿರಿ. ಸಲೀಸಾಗಿ ಬಂದರೆ ಆ ಜಾಗದಲ್ಲಿ ಗ್ಯಾಸ್ಕೆಟ್ ಒತ್ತುತ್ತಿಲ್ಲ. ನಾಲ್ಕೂ ಬದಿ, ಮುಖ್ಯವಾಗಿ ಮೂಲೆಗಳನ್ನು ನೋಡಿ. ಒಂದು ಮರಳ ಕಣ ಸಾಕು ಸೋರಲು. ರ‍್ಯಾಚೆಟ್ ಬೆಲ್ಟನ್ನು (ಕೇಸನ್ನು ಕ್ಯಾರಿಯರಿಗೆ ಬಿಗಿಯುವ ಪಟ್ಟಿ) ಮುಚ್ಚಳದ ನಡುವೆ ಬಿಗಿದರೆ ಮುಚ್ಚಳ ಬಾಗಿ ಅಂಚು ಮೇಲೇಳುತ್ತದೆ, ಲಾಚ್‌ಗಳ ನೇರಕ್ಕೇ ಹಾಕಿ.