‘ಸನ್‌ರೈಸ್’ ತೋರಿಸಲು ಯಾವ ಪ್ರತಿ: ಮೂವಿಟೋನೋ, ಚೆಕ್ಕೋ?

ಪ್ರಶ್ನೆ:
ಫಿಲಂ ಸೊಸೈಟಿಯ ಪ್ರದರ್ಶನಕ್ಕೆ ನಿರ್ದೇಶಕ ಮುರ್ನಾವ್ ಅವರ ‘ಸನ್‌ರೈಸ್’ (1927) ಆರಿಸಿದ್ದೇವೆ. ಡಿಸ್ಕಿನಲ್ಲಿ ಎರಡು ಪ್ರತಿಗಳಿವೆ. ಒಂದು ಸಂಗೀತವಿರುವ, ಸುಮಾರು 95 ನಿಮಿಷದ ಮೂವಿಟೋನ್ ಪ್ರತಿ. ಇನ್ನೊಂದು ಚೆಕ್ ದೇಶದಲ್ಲಿ ಸಿಕ್ಕ, 79 ನಿಮಿಷದ ಚೆಕ್ ಪ್ರತಿ. ಮೊದಲನೆಯದರ ಚಿತ್ರ ಹೆಚ್ಚುಕಮ್ಮಿ ಚೌಕವಾಗಿದೆ, ಯಾಕೆ? ಮೂಕಿಚಿತ್ರ ಅಂದಮೇಲೆ ವೇಗವನ್ನು ಸೆಕೆಂಡಿಗೆ 20 ಫ್ರೇಮಿಗೆ ಇಳಿಸಬೇಕೇ?

ಉತ್ತರ 1:
ದಯವಿಟ್ಟು ಇಳಿಸಬೇಡಿ. ಮೂವಿಟೋನ್‌ನಲ್ಲಿ ಧ್ವನಿ ಫಿಲಂ ಮೇಲೇ ಅಚ್ಚಾಗಿರುತ್ತದೆ, ವೇಗ 24ಕ್ಕೆ ನಿಗದಿ. 20ಕ್ಕೆ ತಂದರೆ 95 ನಿಮಿಷದ ಚಿತ್ರ 114 ನಿಮಿಷವಾಗುತ್ತದೆ, ವಾದ್ಯಗಳ ಶ್ರುತಿಯೂ ಮೂರು ಅರ್ಧಸ್ವರದಷ್ಟು ಕೆಳಗಿಳಿಯುತ್ತದೆ. ಚಿತ್ರ ಚೌಕವಾಗಿರುವುದಕ್ಕೂ ಧ್ವನಿಯೇ ಕಾರಣ. ಅಂಚಿನ ಧ್ವನಿಪಥಕ್ಕೆ ಜಾಗ ಬಿಟ್ಟಿದ್ದರಿಂದ ಅಗಲ ಕುಗ್ಗಿ, ಅನುಪಾತ 1.20:1ರ ಆಸುಪಾಸಿಗೆ ಬಂತು. 1920×1080 ಪ್ರೊಜೆಕ್ಟರಿನಲ್ಲಿ ಚಿತ್ರ ಸುಮಾರು 1296 ಪಿಕ್ಸೆಲ್ ಅಗಲ ಬಂದು, ಎಡಬಲಕ್ಕೆ 312ರಷ್ಟು ಕಪ್ಪು ಉಳಿದರೆ ಸರಿ. ‘ಝೂಮ್’ ಒತ್ತಿ ಪರದೆ ತುಂಬಿಸಿದರೆ ತಲೆ, ಪಾದ ಎರಡೂ ಹೋಗುತ್ತವೆ. ಎಳೆದು ಹಿಗ್ಗಿಸಿದರೆ ನಾಯಕಿ ಜಾನೆಟ್ ಗೇನರ್ ಮುಖ ಅಡ್ಡಡ್ಡ ಊದಿಕೊಳ್ಳುತ್ತದೆ. ‘ಮೋಷನ್ ಸ್ಮೂದಿಂಗ್’ ಕೂಡ ಆಫ್ ಇರಲಿ. ಒಂದರ ಮೇಲೊಂದು ಚಿತ್ರ ಮೂಡಿಸಿದ ದೃಶ್ಯಗಳು ಈ ಸಿನಿಮಾದಲ್ಲಿ ಬಹಳ. ಅವುಗಳ ನಡುವೆ ಯಂತ್ರ ತನ್ನದೇ ಫ್ರೇಮ್ ತುರುಕಿದರೆ ಅಂಚುಗಳು ಕಲಸಿಹೋಗುತ್ತವೆ.

ಉತ್ತರ 2:
ವೇಗದ ಮಾತು ಒಪ್ಪಿದೆ. ಆದರೆ ಚೆಕ್ ಪ್ರತಿಯನ್ನು ಮರೆಯಬೇಡಿ. 1937ರಲ್ಲಿ ನ್ಯೂಜರ್ಸಿಯ ಲಿಟ್ಲ್ ಫೆರಿಯಲ್ಲಿದ್ದ ಫಾಕ್ಸ್ ಸ್ಟುಡಿಯೋದ ಫಿಲಂ ಉಗ್ರಾಣ ಸುಟ್ಟಾಗ ಮೂಲ ನೆಗೆಟಿವ್ ಹೋಯಿತು. ಹಾಗಾಗಿ ಇಂದಿನ ಮೂವಿಟೋನ್ ಪ್ರತಿ ನಕಲಿನ ನಕಲು, ಸ್ವಲ್ಪ ಮಂಕು. ಚೆಕ್ ಪ್ರತಿ ಹಳೆಯ ನೈಟ್ರೇಟ್ (ಆ ಕಾಲದ ಫಿಲಂ) ಪ್ರಿಂಟಿನಿಂದ ಬಂದದ್ದು; ಧ್ವನಿಪಥ ಇಲ್ಲದ್ದರಿಂದ ಚೌಕಟ್ಟೂ ಅಗಲ. ಛಾಯಾಗ್ರಾಹಕರಾದ ಚಾರ್ಲ್ಸ್ ರೋಷರ್, ಕಾರ್ಲ್ ಸ್ಟ್ರಸ್ ಅವರ ಬೆಳಕಿನ ಕೆಲಸ, ಅದರಲ್ಲೂ ಜೌಗುಭೂಮಿಯ ಬೆಳದಿಂಗಳು, ಇದರಲ್ಲೇ ಚೆನ್ನಾಗಿ ಕಾಣುತ್ತದೆ. ಕೆಲವೆಡೆ ಟೇಕುಗಳೇ ಬೇರೆ, ಅಕ್ಕಪಕ್ಕ ಇಟ್ಟು ನೋಡುವವರಿಗೆ ಅದೇ ಒಂದು ಪಾಠ. ಚಿತ್ರ ಮುಗಿದ ಮೇಲೆ ಜೌಗಿನ ದೃಶ್ಯವೊಂದನ್ನಾದರೂ ಇದರಿಂದ ತೋರಿಸಿ.

ಉತ್ತರ 3:
ಪೂರ್ತಿ ಪ್ರದರ್ಶನಕ್ಕೆ ನನ್ನ ಮತ ಮೂವಿಟೋನ್‌ಗೇ. ಬಿರುಗಾಳಿಯ ನಂತರ ಗಂಡ ನೀರಿನ ಮೇಲೆ ಹೆಂಡತಿಯನ್ನು ಕೂಗಿ ಕರೆಯುತ್ತಾನಲ್ಲ, ಅಲ್ಲಿ ಮನುಷ್ಯನ ದನಿ ಇಲ್ಲ; ಹಾರ್ನ್ ವಾದ್ಯವೊಂದೇ ಆ ಕೂಗಾಗುತ್ತದೆ. ಇಡೀ ಚಿತ್ರದ ಪ್ರೀತಿ ಆ ಒಂದು ಸ್ವರದಲ್ಲಿದೆ. ಬೇರೆ ಸಂಗೀತ ಹಾಕಿದರೆ ಅದು ಸಿಗುವುದಿಲ್ಲ. ಧ್ವನಿ ಮೋನೋ, ಆದ್ದರಿಂದ ‘ಸರೌಂಡ್’ ತೆಗೆದು ಪರದೆಯ ಬಳಿಯ ಸ್ಪೀಕರಿನಿಂದಲೇ ಬರಲಿ.

ಕನ್ನಡ ಸಬ್‌ಟೈಟಲ್ ಹಾಕುವುದಾದರೆ ಇನ್ನೊಂದು ಎಚ್ಚರ. ಹೆಂಡತಿಯನ್ನು ಮುಳುಗಿಸಬಾರದೇ ಎಂದು ಗಂಡನ ಪ್ರೇಯಸಿಯಾದ ಪಟ್ಟಣದ ಹೆಂಗಸು ಕೇಳುವ ಶೀರ್ಷಿಕೆಯಲ್ಲಿ (ಮಾತನ್ನು ಬರೆದು ತೋರಿಸುವ ಫಲಕ) ಅಕ್ಷರಗಳೇ ಕರಗಿ ಕೆಳಕ್ಕೆ ಜಾರುತ್ತವೆ. ಮೂಲ ಶೀರ್ಷಿಕೆಯನ್ನು ತೆಗೆಯದೆ, ಕನ್ನಡ ಸಾಲನ್ನು ತೀರಾ ತಳದಲ್ಲಿ ಚಿಕ್ಕದಾಗಿ ಕೊಡಿ. ಅಕ್ಷರ ಜಾರಲು ಶುರುವಾಗುವ ಮೊದಲೇ ಅದು ಮರೆಯಾಗಲಿ.